ಉದ್ಘಾಟನೆಗೆ ಮೊದಲು ಹರಿದ ರಕ್ತ

ಎಕ್ಸ್-ರೇ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಮಾತು: "ಸರ್, ಇಷ್ಟು ವರ್ಷ ಆ ಕಿರಣದಾಗ ನಿಂತ್ರಿ, ಮೈಗೆ ಏನೂ ಆಗಲಿಲ್ಲೇನ್ರಿ?" ಮೈಗೆ ಏನೂ ಆಗಲಿಲ್ಲ. ಸೀಸದ ಏಪ್ರನ್ ಹೊತ್ತು ಹೊತ್ತು ಬೆನ್ನು ಹಿಡಿದಿದೆ, ಅಷ್ಟೇ. ಕೆಟ್ಟದ್ದು ತಲೆ. ನಿವೃತ್ತನಾಗಿ ಎಷ್ಟೋ ವರ್ಷವಾಯಿತು, ಇಂದಿಗೂ ಬೆಳಗಿನ ಚಹಾ ಕುಡಿಯುತ್ತ ಕೂತಾಗ ಸಿಟ್ಟು ನೆತ್ತಿಗೆ ಏರಿಬಿಡುತ್ತದೆ. "ಯಾರ ಮ್ಯಾಲರಿ ಹಲ್ಲು ಕಡಿಯಾಕತ್ತೀರಿ? ಎದುರಿಗೆ ಯಾರೂ ಇಲ್ಲ" ಎಂದು ಹೆಂಡತಿ ಬೈಯುತ್ತಾಳೆ. ಎದುರಿಗೆ ಯಾರಿದ್ದಾರೆ ಎಂಬುದನ್ನೇ ಈಗ ಬರೆಯುತ್ತೇನೆ. ನೀವು ಓದಬೇಕು, ನಿಮ್ಮ ಪಠ್ಯಪುಸ್ತಕದಲ್ಲಿ ಇದು ಇರುವುದಿಲ್ಲ.

ನಾನು ಹೊಸಮನಿ. ಹುಬ್ಬಳ್ಳಿಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತಂತ್ರಜ್ಞನಾಗಿದ್ದೆ. ಹದಿನೈದು ವರ್ಷ ಮಾಡಿದ್ದು ಮುರಿದ ಕೈ, ಮುರಿದ ಕಾಲು, ಕ್ಷಯದ ಎದೆ. ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯ ಔಷಧದ ವಾಸನೆ ಅಂಗಿಯಿಂದ ಹೋಗುತ್ತಿರಲಿಲ್ಲ. ನನ್ನ ಬಡ್ತಿ, ಪ್ರಶಸ್ತಿಪತ್ರಗಳ ಕಥೆ ಯಾರಿಗೂ ಬೇಡ. ತೊಂಬತ್ತರ ದಶಕದ ನಡುವೆ ಡಾಕ್ಟರ್ ಅನಸೂಯಾ ನಮ್ಮ ವಿಭಾಗಕ್ಕೆ ಬಂದಲ್ಲಿಂದ ಶುರು ಮಾಡುತ್ತೇನೆ.

ಅವರು ಧಾರವಾಡದವರೇ. ಮುಂಬಯಿಯಲ್ಲಿ ಕಲಿತು ಬಂದಿದ್ದರು. ಮೂವತ್ತೈದು ದಾಟಿರಲಿಲ್ಲ, ಸಣ್ಣ ಆಳು, ಸೀಸದ ಏಪ್ರನ್ ತೊಟ್ಟರೆ ಮೊಣಕಾಲಿನ ಕೆಳಗೆ ಬರುತ್ತಿತ್ತು. ಬಂದ ವಾರದಲ್ಲೇ ಆಪರೇಷನ್ ಥಿಯೇಟರಿನಿಂದ ಜೆಲಾಟಿನ್ ಸ್ಪಂಜಿನ ಒಂದು ಪಟ್ಟಿ ತಂದು ನನ್ನ ಮೇಜಿನ ಮೇಲಿಟ್ಟರು. ಬಿಳಿ, ಹಗುರ, ಒತ್ತಿದರೆ ಕುಗ್ಗುವ ವಸ್ತು. ಶಸ್ತ್ರಚಿಕಿತ್ಸೆ ಮಾಡುವವರು ರಕ್ತ ಜಿನುಗುವಲ್ಲಿ ಇದನ್ನು ಒತ್ತಿ ಹಿಡಿಯುತ್ತಿದ್ದದ್ದು ನನಗೆ ಗೊತ್ತಿತ್ತು.

"ಇದನ್ನ ನಾವು ರಕ್ತನಾಳದ ಒಳಗ ಕಳಸೋಣ" ಎಂದರು.

"ಒಳಗಂದ್ರ ಹೆಂಗ್ರಿ ಮೇಡಂ?"

"ತೊಡಿ ಸಂದಿಯೊಳಗಿನ ನಾಳದಿಂದ ಸಣ್ಣ ನಳಿಗೆ ಹಾಕೋದು. ನಿಮ್ಮ ಪರದೆ ಮ್ಯಾಲೆ ನೋಡಕೋತ ರಕ್ತ ಸೋರೋ ಜಾಗದ ತನಕ ಒಯ್ಯೋದು. ಅಲ್ಲೆ ಈ ಸ್ಪಂಜಿನ ತುಣುಕು ಬಿಡೋದು. ನಾಳ ಕಟ್ಟತದ, ರಕ್ತ ನಿಂದರತದ."

"ಆಮ್ಯಾಲ? ಕಟ್ಟಿದ್ದು ಕಟ್ಟೇ ಇರತೈತೇನ್ರಿ?"

"ಇಲ್ಲ. ಅದಽ ಇದರ ಚಂದ. ಕೆಲವು ವಾರದಾಗ ಸ್ಪಂಜು ಕರಗತದ, ನಾಳ ಮತ್ತ ತೆರಕೋತದ. ಅಷ್ಟರಾಗ ಒಳಗಿನ ಗಾಯ ಮಾಯ್ದಿರತದ. ಏನೂ ಕಳಕೊಳ್ಳೋದಿಲ್ಲ."

ಏನೂ ಕಳೆದುಕೊಳ್ಳುವುದಿಲ್ಲ. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಯವರೆಗೆ ನಾನು ಕಂಡದ್ದೆಲ್ಲ ಕಳೆದುಕೊಳ್ಳುವುದೇ. ಒಳಗೆ ರಕ್ತ ಹರಿದರೆ ಹೊಟ್ಟೆ ಕೊಯ್ಯಬೇಕು, ಕಟ್ಟಬೇಕು, ಇಲ್ಲವೇ ತೆಗೆದು ಹಾಕಬೇಕು.

ಮೊದಲ ರೋಗಿ ರಾಯಾಪುರದ ಒಂದು ಕಾರ್ಖಾನೆಯ ಹಮಾಲ, ಮಹಾಂತೇಶ. ಹಿಂದಕ್ಕೆ ಬಂದ ಲಾರಿಗೂ ಗೋಡೆಗೂ ನಡುವೆ ಸಿಕ್ಕು ಸೊಂಟದ ಎಲುಬು ಮುರಿದಿತ್ತು. ಬಾಟಲಿ ಬಾಟಲಿ ರಕ್ತ ಏರಿಸಿದರೂ ರಕ್ತದೊತ್ತಡ ಇಳಿಯುತ್ತಲೇ ಇತ್ತು. ಬೇರೆ ದಾರಿಯಿಲ್ಲದೆ ಶಸ್ತ್ರಚಿಕಿತ್ಸೆಯವರು ಅವನನ್ನು ನಮ್ಮ ಹಳೆಯ ಮೇಜಿಗೆ ಕಳಿಸಿದರು. ನಳಿಗೆ ಒಳಗೆ ಹೋಗಿ ನಾಳಗಳನ್ನು ಪರದೆಗೆ ಕಾಣಿಸುವ ಡೈ ಬಿಟ್ಟ ಕೂಡಲೇ ಮಂಜುಮಂಜಾದ ಪರದೆಯ ಮೇಲೆ ಸೋರಿಕೆ ಕಂಡಿತು. ಚಹಾದಲ್ಲಿ ಹಾಲು ಬಿಟ್ಟರೆ ಹೇಗೆ ಹರಡುತ್ತದೆಯೋ ಹಾಗೆ.

ಸ್ಪಂಜು ಕತ್ತರಿಸುವ ಕೆಲಸ ನನ್ನದು. ಬೆಂಕಿಕಡ್ಡಿಯ ಮದ್ದಿನಷ್ಟು ಇರಬೇಕು ಎಂದು ಮೇಡಂ ಎರಡು ಸಲ ಹೇಳಿದ್ದರು. ದೊಡ್ಡ ತುಣುಕು ನಳಿಗೆಯಲ್ಲಿ ಸಿಕ್ಕಿಕೊಂಡರೆ ಎಂಬ ಹೆದರಿಕೆಯಲ್ಲಿ ಕತ್ತರಿಸುತ್ತ ಕತ್ತರಿಸುತ್ತ ಪುಡಿ ಮಾಡಿಬಿಟ್ಟೆ. ಡೈಯಲ್ಲಿ ನೆನೆಸಿ ಸಿರಿಂಜಿಗೆ ತುಂಬಿ ಕೊಟ್ಟೆ. ತುಣುಕು ಎಷ್ಟಿದೆ ಎಂದು ಅವರು ಕೇಳಿದಾಗ "ಬರೋಬರಿ ಐತ್ರಿ" ಎಂದೆ.

ರಕ್ತ ನಿಂತಿತು. ಮಹಾಂತೇಶ ಬದುಕಿದ. ಆದರೆ ನಾಲ್ಕನೇ ದಿನ ಅವನ ಒಂದು ಕಡೆಯ ಕುಂಡೆಯ ಚರ್ಮ ನೀಲಿಗಟ್ಟಿ ಆಮೇಲೆ ಕಪ್ಪಾಯಿತು. ದೊಡ್ಡ ತುಣುಕು ದೊಡ್ಡ ನಾಳದಲ್ಲಿ ನಿಲ್ಲುತ್ತದೆ. ಪುಡಿ ಮಾತ್ರ ಕೂದಲೆಳೆಯಂಥ ನಾಳಗಳವರೆಗೆ ಹೋಗಿ ಚರ್ಮಕ್ಕೆ ಹೋಗುವ ರಕ್ತವನ್ನೂ ನಿಲ್ಲಿಸುತ್ತದೆ. ಅವನು ಮೂರು ತಿಂಗಳು ಬೋರಲು ಮಲಗಿದ. ಡ್ರೆಸಿಂಗ್ ಮಾಡುವಾಗ ಅವನು ಕೂಗುವುದು ನಮ್ಮ ಕಾರಿಡಾರಿನವರೆಗೆ ಕೇಳುತ್ತಿತ್ತು.

ಮೇಡಂ ನನ್ನನ್ನು ಕರೆದು ಕೇಳಿದ್ದು ಒಂದೇ ಮಾತು. "ಹೊಸಮನಿ, ರವಾ ಮಾಡಿದ್ರಿ ಹೌದಲ್ಲೋ?"

"ಹೌದ್ರಿ."

"ನಾನೂ ತೆಗದು ನೋಡಬೇಕಿತ್ತು. ನೋಡಲಿಲ್ಲ."

ಆಸ್ಪತ್ರೆಯ ವೈದ್ಯರ ಸಭೆಯಲ್ಲಿ ತಪ್ಪು ತಮ್ಮದೆಂದು ಒಪ್ಪಿಕೊಂಡರು. ನನ್ನ ಹೆಸರು ಎತ್ತಲಿಲ್ಲ. ಆ ಸಂಜೆ ನಾನು ಒಂದು ಹಳೆಯ ಸ್ಪಂಜು, ಒಂದು ಕತ್ತರಿ ಮನೆಗೆ ಒಯ್ದು, ಒಂದೇ ಅಳತೆ ಬರುವವರೆಗೆ ಕತ್ತರಿಸುತ್ತ ಕೂತೆ. ನೀವೂ ಹಾಗೆ ಕೂತು ಕಲಿಯಿರಿ. ಈಗ ಅಳತೆ ಮಾಡಿದ ಕಣಗಳು ಸೀಸೆಯಲ್ಲಿ ಬರುತ್ತವೆ, ನಿಜ. ಆದರೆ ಸೀಸೆ ಮುಗಿದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಕತ್ತರಿಯೇ.

ಅದಾದ ಮೇಲೆ ಹದಿನೈದಿಪ್ಪತ್ತು ರೋಗಿಗಳಿಗೆ ಯಾವ ತೊಂದರೆಯೂ ಇಲ್ಲದೆ ಮಾಡಿದೆವು. ಆದರೂ ಹೆರಿಗೆ ವಿಭಾಗದ ಮುಖ್ಯಸ್ಥರು ಮಹಾಂತೇಶನನ್ನು ಮರೆಯಲಿಲ್ಲ. ವಿಭಾಗದ 'ಹೆಡ್' ಆಗಿದ್ದರಿಂದ ಅವರನ್ನು ನಾವೆಲ್ಲ ಹೆಡ್ಡರು ಎನ್ನುತ್ತಿದ್ದೆವು. ಕೈಚಳಕವಿದ್ದ ಮನುಷ್ಯ, ಸುಳ್ಳು ಹೇಳಬಾರದು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ಗರ್ಭಕೋಶ ತೆಗೆದು ಜೀವ ಉಳಿಸುತ್ತಿದ್ದರು. "ನನಗೊಂದು ತಾಸು ಕೊಡ್ರಿ, ಗರ್ಭಕೋಶ ಉಳಿಸಿ ಕೊಡತೀನಿ" ಎಂದು ಅನಸೂಯಾ ಮೇಡಂ ಕೇಳಿದಾಗಲೆಲ್ಲ, "ರಾಯಾಪುರದವನ ಹಿಂದಿನ ಭಾಗ ಕೊಳಸಿದ್ರಲ್ಲ, ಇನ್ನ ನನ್ನ ಹೆಣ್ಮಕ್ಕಳನ್ನ ಕೊಡಬೇಕೇನು?" ಎಂದು ನಗುತ್ತಿದ್ದರು. ಆ ನಗೆಯ ಬೀಜ ಬಿತ್ತಿದವನು ನಾನು.

ಆಮೇಲೆ ಹೊಸ ಯಂತ್ರ ಬಂತು. ಎಲುಬನ್ನೆಲ್ಲ ಅಳಿಸಿ ಬರೀ ರಕ್ತನಾಳವನ್ನಷ್ಟೇ ತೋರಿಸುವ ಡಿಜಿಟಲ್ ಯಂತ್ರ. ಅದಕ್ಕೆ ಜಾಗ ಮಾಡಲು ನಮ್ಮ ಹಳೆಯ ಮೇಜನ್ನು ಕಿತ್ತು ಗೋದಾಮಿಗೆ ಹಾಕಿದರು. ಕಂಪನಿಯ ಇಂಜಿನಿಯರು ಕೂಡಿಸಿ, ಪರೀಕ್ಷೆ ಮಾಡಿ, ನನಗೂ ಮೇಡಂಗೂ ಐದು ದಿನ ಕಲಿಸಿ ಹೋದ. ಯಂತ್ರ ತಯಾರಾಗಿತ್ತು. ಮಾರನೆಯ ದಿನ ಸುಪರಿಂಟೆಂಡೆಂಟ್ ಸಾಹೇಬರು ಬಂದು ಆ ಬಾಗಿಲಿಗೆ ಬೀಗ ಹಾಕಿ, ಮೇಲೆ ಕಾಗದದ ಪಟ್ಟಿ ಅಂಟಿಸಿ, ಮೊಹರು ಹೊಡೆದರು.

"ಮಂತ್ರಿಗಳು ಬಂದು ರಿಬ್ಬನ್ ಕತ್ತರಸೂ ಮಟಾ ಯಾರೂ ಒಳಗ ಕಾಲಿಡಬಾರದು. ಹೊಸಾದು ಹೊಸಾದರಂಗ ಇರಬೇಕು" ಎಂದರು.

ಮಂತ್ರಿಗಳ ದಿನಾಂಕ ಒಮ್ಮೆ ಮುಂದೆ ಹೋಯಿತು. ಎರಡನೇ ಸಲವೂ ಹೋಯಿತು. ವಾರಗಳು ತಿಂಗಳಾದವು. ಹಳೆಯದು ಗೋದಾಮಿನಲ್ಲಿ, ಹೊಸದು ಬೀಗದೊಳಗೆ. ನಾನು ಮತ್ತೆ ಮುರಿದ ಕೈಕಾಲಿನ ಫಿಲ್ಮ್ ತೊಳೆಯುತ್ತಿದ್ದೆ.

ಹೆಬ್ಬಳ್ಳಿಯ ರೇಣವ್ವ ಬಂದದ್ದು ಆಗ. ಇಪ್ಪತ್ತೊಂದು ವರ್ಷ, ಚೊಚ್ಚಲ ಬಸುರಿ. ಬೆಳಗ್ಗೆಯೇ ಹೊಟ್ಟೆನೋವು ಬಂದು, ತಾಯಿ ಗಂಗವ್ವ ಟೆಂಪೋದಲ್ಲಿ ಕೂಡಿಸಿಕೊಂಡು ಬಂದಿದ್ದಳು. ಹುಟ್ಟುವ ಮೊದಲೇ ಕೂಸು ತೀರಿಕೊಂಡಿತ್ತು. ಅದನ್ನು ಹೊರತೆಗೆದ ಮೇಲೆ ರಕ್ತ ನಿಲ್ಲಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅನಸೂಯಾ ಮೇಡಂ ಹೆರಿಗೆ ವಾರ್ಡಿನಿಂದ ಫೋನ್ ಮಾಡಿದರು.

"ಹೊಸಮನಿ, ಹೆಡ್ಡರು ಇವತ್ತ ಹೂಂ ಅಂದಾರ. ಒಂದು ತಾಸು ಕೊಟ್ಟಾರ. ಹೊಸ ಯಂತ್ರ ಚಾಲೂ ಮಾಡ್ರಿ."

"ಮೇಡಂ, ಬಾಗಿಲಿಗೆ ಕೀಲಿ ಹಾಕೈತ್ರಿ."

"ಕೀಲಿಕೈ ಇಸಕೊಂಡು ಬರ್ರಿ. ಲಗೂ!"

ಓಡಿದೆ. ಆಫೀಸಿನ ಗುಮಾಸ್ತ, ಕೀಲಿಕೈ ಸಾಹೇಬರ ಕಿಸೆಯಲ್ಲಿದೆ, ಅವರು ಧಾರವಾಡದಲ್ಲಿ ಉದ್ಘಾಟನೆಯ ತಯಾರಿ ಸಭೆಯಲ್ಲಿದ್ದಾರೆ ಎಂದ. ಫೋನ್ ಹಚ್ಚಿದೆವು. ಲೈನ್ ಸಿಗಲು ಹತ್ತು ನಿಮಿಷ, ಅವರನ್ನು ಸಭೆಯಿಂದ ಕರೆಯಲು ಇನ್ನು ಹತ್ತು ನಿಮಿಷ.

"ಸಾಹೇಬ್ರ, ಬಾಣಂತಿಗೆ ರಕ್ತ ಹೋಗಾಕತ್ತೈತ್ರಿ. ಹೊಸ ರೂಮು ತೆಗೀಬೇಕ್ರಿ."

"ಹೊಸಮನಿ, ನಾಳಿದ್ದು ಮಂತ್ರಿಗಳು ಬರೂದು ಪಕ್ಕಾ ಆಗೈತಿ. ಎರಡು ದಿನ ತಡೀರಿ."

"ಆಕಿ ಎರಡು ತಾಸೂ ತಡಿಯಂಗಿಲ್ರಿ."

"ಹಂಗಾರ ಹೆಡ್ಡರು ಅದಾರಲ್ಲ, ಆಪರೇಷನ್ ಮಾಡ್ತಾರ. ಇಷ್ಟು ವರ್ಷ ಏನು ಮಾಡತಿದ್ವಿ ನಾವು? ಮೊಹರು ಮುಟ್ಟೀರಿ ಜ್ವಾಕಿ!"

ಫೋನ್ ಇಟ್ಟು ಬಂದು ಆ ಬಾಗಿಲ ಮುಂದೆ ನಿಂತೆ. ಕಾಗದದ ಪಟ್ಟಿ ಉಗುರಿಗೆ ಹರಿಯುವಂಥದು. ಬೀಗ ಒಂದು ಅಂಗೈಯಷ್ಟಿತ್ತು. ಅದನ್ನು ಹಿಡಿದು ನೋಡಿದೆ, ಬಿಟ್ಟೆ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು, ನೌಕರಿ ಹೋದರೆ ಏನು ಗತಿ ಎಂದು ಯೋಚಿಸಿದೆ. ಯೋಚಿಸಿದ್ದು ಹೌದು. ಮುಚ್ಚಿಡುವುದಿಲ್ಲ. ವಾರ್ಡಿಗೆ ಹೋಗಿ "ಸಿಗಲಿಲ್ರಿ" ಎಂದೆ. ಹೆಡ್ಡರು ಮೇಡಂ ಮುಖ ನೋಡಿದರು, ಆಮೇಲೆ ಗಡಿಯಾರ ನೋಡಿದರು. ಸ್ಟ್ರೆಚರ್ ಥಿಯೇಟರಿಗೆ ಹೋಯಿತು. ರೇಣವ್ವನ ಜೀವ ಉಳಿಯಿತು, ಗರ್ಭಕೋಶ ಹೋಯಿತು.

ನಾನು ಹೆಡ್ಡರನ್ನು ಬೈಯಲು ಬಾಯಿ ತೆಗೆದಾಗ ಮೇಡಂ ತಡೆದರು. "ಇವತ್ತ ಅವರು ಮಾಡಿದ್ದು ಸರಿ ಅದ. ಅವರ ಜಾಗಾದಾಗ ನಾ ಇದ್ದಿದ್ರೂ ಅದನ್ನಽ ಮಾಡತಿದ್ದೆ. ತಪ್ಪು ಮಾಡಿದವರು ಬ್ಯಾರೆ ಅದಾರ."

ಮೂರನೇ ದಿನ ಗಂಗವ್ವ ನಮ್ಮ ವಿಭಾಗದ ಬಾಗಿಲಿಗೆ ಬಂದಳು. ವಾರ್ಡಿನ ಆಯಾ ಏನೋ ಹೇಳಿದ್ದಳೆಂದು ಕಾಣುತ್ತದೆ. ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು.

"ಯಪ್ಪಾ, ಗರ್ಭದ ಚೀಲ ತಗೀದಽ ರಕ್ತ ನಿಂದರಸೂ ಮಿಷನ್ನು ಇಲ್ಲೇ ಇತ್ತಂತಲ್ಲ. ಖರೇನ?"

"ಇತ್ತವ್ವಾ."

"ಮತ್ಯಾಕ ನಿಂದರಸಲಿಲ್ಲ?"

ನಾನು ಹೊಸ ಕೋಣೆಯ ಬಾಗಿಲಿನ ಕಡೆ ಕೈ ಮಾಡಿದೆ. ಅವಳು ಆ ಬೀಗದ ಕಡೆ ನೋಡಿದಳು, ಮೊಹರಿನ ಕಡೆ ನೋಡಿದಳು. "ಒಂದು ಕೂಸಿತ್ತು, ಹೋತು. ಇನ್ನೊಂದರ ಆಸೇನೂ ತಗದು ಒಗದ್ರಿ" ಎಂದು ಹೋದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ದನಿ ಎತ್ತಲೇ ಇಲ್ಲ.

ಪಕ್ಕಾ ಆಗಿದ್ದ ಆ ದಿನವೂ ಮಂತ್ರಿಗಳು ಬರಲಿಲ್ಲ.

ಮೂರು ವಾರ ಕಳೆದಿರಬೇಕು. ದುರ್ಗದಬೈಲಿನಲ್ಲಿ ಪಾತ್ರೆ-ಬಾಂಡೆ ಅಂಗಡಿ ಇಟ್ಟವರ ಮನೆಯ ಸೊಸೆ ಶಾಂತಾ ನಮ್ಮಲ್ಲೇ ಹೆತ್ತಳು. ಕೂಸು ಗಟ್ಟಿಮುಟ್ಟಾಗಿತ್ತು. ಒಂದು ತಾಸಿನ ಮೇಲೆ ರಕ್ತ ಹರಿಯಲು ಶುರುವಾಯಿತು. ಚುಚ್ಚುಮದ್ದು ಆಯಿತು, ಒತ್ತಿ ಹಿಡಿದದ್ದಾಯಿತು, ನಿಲ್ಲಲಿಲ್ಲ. ಬೆಳಗಿನ ಹನ್ನೊಂದು ಗಂಟೆ. ಮೇಡಂ ಫೋನ್ ಮಾಡಿದರು, ಆದರೆ ಈ ಸಲ ಯಂತ್ರ ಚಾಲೂ ಮಾಡಿರೆಂದು ಹೇಳಲಿಲ್ಲ. "ಹೊಸಮನಿ, ಮತ್ತೊಬ್ಬಾಕಿ" ಎಂದರು, ಅಷ್ಟೇ. ಅವರ ದನಿ ಸೋತಿತ್ತು.

"ಕರಕೊಂಡು ಬರ್ರಿ" ಎಂದೆ.

"ಕೀಲಿಕೈ ಸಿಕ್ಕತೇನು?"

"ನೀವು ಕರಕೊಂಡು ಬರ್ರಿ ಮೇಡಂ."

ಆಕ್ಸಿಜನ್ ಸಿಲಿಂಡರಿನ ವಾಲ್ವ್ ತಿರುವುವ ಕಬ್ಬಿಣದ ಪಾನಾ ಗೋಡೆಗೆ ಒರಗಿತ್ತು. ಎತ್ತಿಕೊಂಡೆ. ಮೊದಲ ಪೆಟ್ಟು ಬಾಗಿಲಿಗೆ ಬಿದ್ದು ಬಣ್ಣ ಹಾರಿತು. ಎರಡನೆಯದಕ್ಕೆ ಚಿಲಕ ಬಾಗಿತು. ಮೂರನೆಯದಕ್ಕೆ ಬೀಗ, ಚಿಲಕ, ಮೊಹರು ಎಲ್ಲ ಕೂಡಿಯೇ ಕೆಳಗೆ ಬಿದ್ದವು. ಕಾರಿಡಾರಿನಲ್ಲಿ ಫಿಲ್ಮ್ ಹಿಡಿದು ಕೂತಿದ್ದ ಜನ ಎದ್ದು ನಿಂತರು. ಒಳಗೆ ಹೋಗಿ ಯಂತ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಎಳೆದು ಒಗೆದೆ.

ಸ್ಟ್ರೆಚರಿನ ಹಿಂದೆ ಹೆಡ್ಡರೂ ಬಂದರು. ಬಿದ್ದ ಬೀಗ ನೋಡಿ, "ಹೊಸಮನಿ, ನೌಕರಿ ಹೋಗತೈತೋ ಮಾರಾಯಾ" ಎಂದರು.

"ಹೋಗ್ಲಿ ಬಿಡ್ರಿ. ನೀವು ರಕ್ತದ ಬಾಟ್ಲಿ ಹಿಡೀರಿ" ಎಂದೆ. ಅವರು ಹಿಡಿದರು. ಅದಕ್ಕೊಂದು ನಮಸ್ಕಾರ.

ಶಾಂತಾಗೆ ಎಚ್ಚರವಿತ್ತು. ಸುಣ್ಣದಂಥ ಮುಖ, ಒಣಗಿದ ತುಟಿ. "ಅಣ್ಣಾರ, ನನ್ನ ಚೀಲ ತಗೀಬ್ಯಾಡ್ರಿ. ಇನ್ನೊಂದು ಬೇಕ್ರಿ ನನಗ" ಎಂದಳು. ನಾನು "ಕಾಲು ಅಲಗಾಡಸಬ್ಯಾಡ ತಂಗೀ" ಎಂದೆ. ಮೇಡಂ ತೊಡೆಯ ಸಂದಿಯಲ್ಲಿ ಸೂಜಿ ಹಾಕಿ ನಳಿಗೆ ಏರಿಸಿದರು. ಹೊಸ ಪರದೆಯ ಮೇಲೆ ನಾಳಗಳು ಚಳಿಗಾಲದ ಬೋಳು ಮರದ ಟೊಂಗೆಗಳ ಹಾಗೆ ಸ್ಪಷ್ಟವಾಗಿ ಮೂಡಿದವು. ಎಡಗಡೆ ಸೋರಿಕೆ. ಕತ್ತರಿ ಹಿಡಿದೆ, ಎಲ್ಲ ಒಂದೇ ಅಳತೆ ಬಂತು. ಕತ್ತರಿಸಿದ ತುಣುಕುಗಳನ್ನು ತಟ್ಟೆಯಲ್ಲಿ ಹರಡಿ ಮೇಡಂ ಮುಂದೆ ಹಿಡಿದೆ, ಅವರು ನೋಡಿ ತಲೆ ಆಡಿಸಿದರು. ಒಂದು ಕಡೆ ಕಟ್ಟಿತು. ಮತ್ತೊಂದು ಕಡೆಯೂ ಕಟ್ಟಿದೆವು. ಕಾಲಿನ ಕಡೆ ನಿಂತ ಸಿಸ್ಟರ್ ಬಟ್ಟೆ ಸರಿಸಿ ನೋಡಿ, "ನಿಂತೈತ್ರಿ ಮೇಡಂ... ನಿಂತೈತಿ" ಎಂದು ಎರಡು ಸಲ ಹೇಳಿದಳು. ಶುರು ಮಾಡಿ ಒಂದು ತಾಸೂ ಆಗಿರಲಿಲ್ಲ.

ಮೂರು ವಾರ ಮೊದಲು ಅದೇ ಕೋಣೆ, ಅದೇ ಯಂತ್ರ, ಅದೇ ಮೇಡಂ ಇದ್ದರು. ಆಗಿಲ್ಲದ ಹೊಸದೇನೂ ಅಲ್ಲಿರಲಿಲ್ಲ. ಆಗ ನನ್ನ ಕೈಯಲ್ಲಿ ಪಾನಾ ಇರಲಿಲ್ಲ, ಅಷ್ಟೇ.

ಆಮೇಲೆ ನಡೆದ ವಿಚಾರಣೆಯನ್ನು ನೀವು ನೋಡಬೇಕಿತ್ತು. ಮೂವರು ಅಧಿಕಾರಿಗಳು ಮೂರು ದಿನ ಕೂತರು. ಬಾಗಿಲಿನ ಬಣ್ಣ ಎಷ್ಟು ಹೋಗಿದೆ, ಎಷ್ಟು ಪೆಟ್ಟು ಹಾಕಿದಿರಿ, ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವೆ ಮೇಲಿನವರನ್ನು ಕೇಳಬೇಕೆಂದು ಅನಿಸಲಿಲ್ಲವೇ ಎಂದು ಕೇಳಿದರು. ರೋಗಿಯ ಹೆಸರೇನು ಎಂದು ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದೆ: ಒಬ್ಬಳು ಶಾಂತಾ, ಮತ್ತೊಬ್ಬಳು ರೇಣವ್ವ. "ವಿಷಯಕ್ಕೆ ಸಂಬಂಧಪಟ್ಟದ್ದನ್ನಷ್ಟೇ ಹೇಳಿ" ಎಂದರು. ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನೌಕರಿ ಹೋಗಲಿಲ್ಲ. ದೂರದ ಒಂದು ತಾಲ್ಲೂಕು ಆಸ್ಪತ್ರೆಗೆ ಎತ್ತಿ ಒಗೆದರು. ಅಲ್ಲಿ ನಾಲ್ಕು ವರ್ಷ ಎದೆಯ ಫಿಲ್ಮ್ ತೆಗೆದೆ. ನಾನು ಹೋದ ಮರುತಿಂಗಳು ಮಂತ್ರಿಗಳು ಬಂದರಂತೆ. ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ ಕುಂಕುಮ ಹಚ್ಚಿದರಂತೆ. ರಜಿಸ್ಟರಿನಲ್ಲಿ ಒಂದನೇ ನಂಬರ್ ರೋಗಿಯ ದಾಖಲೆ ಆ ದಿನದ್ದು. ಉದ್ಘಾಟನೆಯಾಗದ ಯಂತ್ರದಲ್ಲಿ ಚಿಕಿತ್ಸೆ ನಡೆಯಲು ಸಾಧ್ಯವಿಲ್ಲವಲ್ಲ, ಹಾಗಾಗಿ ಶಾಂತಾಳಿಗೆ ಏನೂ ನಡೆದೇ ಇರಲಿಲ್ಲ! ಅವಳ ಕೇಸ್ ಶೀಟಿನಲ್ಲಿ ಮೇಡಂ ಬರೆದಿದ್ದ ಪುಟ ತೆಗೆದು, "ಔಷಧೋಪಚಾರದಿಂದ ರಕ್ತಸ್ರಾವ ನಿಂತಿತು" ಎಂಬ ಹೊಸ ಪುಟ ಸೇರಿಸಿದ್ದರು. ಮೇಡಂ ಜಗಳವಾಡಿದರು, ಪತ್ರ ಬರೆದರು. ಕೊನೆಗೆ ರಾಜೀನಾಮೆ ಕೊಟ್ಟು ಬೇರೆ ಊರಿಗೆ ಹೋದರು. ನಮ್ಮ ಊರು ಅವರನ್ನು ಕಳೆದುಕೊಂಡಿತು, ಊರಿಗೆ ಗೊತ್ತೂ ಆಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನ್ನನ್ನು ಹುಬ್ಬಳ್ಳಿಗೆ ಮರಳಿ ತಂದರು. ಬಂದ ವರ್ಷವೇ ಒಂದು ಬೆಳಗ್ಗೆ ಹೆರಿಗೆ ವಿಭಾಗದ ಹೊರರೋಗಿಗಳ ಸಾಲಿನ ಬಳಿ ಹಾದುಹೋಗುವಾಗ ಒಬ್ಬ ಕಿರಿಯ ವೈದ್ಯೆ ಯಾರಿಗೋ ಗದರುವುದು ಕೇಳಿತು. "ಏನೇನರ ಹೇಳಬ್ಯಾಡ್ರಿ. ನಿಮ್ಮ ಹಳೇ ಪೇಪರಿನಾಗ ಅಂಥಾದ್ದೇನೂ ಇಲ್ಲ. ಆವಾಗ ಇಲ್ಲೆ ಆ ಮಷೀನಽ ಇದ್ದಿಲ್ಲ!"

ಬೈಸಿಕೊಳ್ಳುತ್ತಿದ್ದವಳು ಶಾಂತಾ. ತುಂಬು ಬಸುರಿ. ಹೆರಿಗೆ ಹತ್ತಿರ ಬಂದಿತ್ತು. ನನ್ನನ್ನು ನೋಡಿದ್ದೇ, "ಇವರಽ ನೋಡ್ರಿ! ಇವರಽ ಕೀಲಿ ಒಡದವರು! ಕೇಳ್ರಿ ಇವರನ್ನ" ಎಂದು ಕೈ ತೋರಿಸಿದಳು.

ಹಿಂದಿನ ಸಲ ಅಷ್ಟು ರಕ್ತ ಹೋದವಳಿಗೆ ಈ ಸಲವೂ ಹೋಗಬಹುದು. ಅದು ಗೊತ್ತಿಲ್ಲದೆ ಹೆರಿಗೆ ಮಾಡಿಸಿದರೆ ಏನಾಗುತ್ತದೆಂದು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಸುಳ್ಳು ಪುಟ ಅವಳನ್ನು ಕೊಲ್ಲಬಹುದಿತ್ತು. ಆ ವೈದ್ಯೆಗೆ ಎಲ್ಲ ಹೇಳಿದೆ. ಆಕೆ ಒಳ್ಳೆಯ ಹುಡುಗಿ, ಮುಖ ಬಿಳಿಚಿಕೊಂಡು ಹೆಡ್ಡರ ಬಳಿ ಕರೆದೊಯ್ದಳು.

"ಹಳೇದ್ಯಾಕ ಕೆದರತೀರಿ ಹೊಸಮನಿ" ಎಂದರು ಹೆಡ್ಡರು.

"ಸಾಹೇಬ್ರ, ಅವತ್ತ ರಕ್ತದ ಬಾಟ್ಲಿ ಹಿಡದು ನಿಂತವರು ನೀವಽ. ಅಷ್ಟು ಬರೀರಿ ಸಾಕು."

ಅವರು ಪೆನ್ನು ತೆಗೆಯಲಿಲ್ಲ. ಕೇಸ್ ಶೀಟಿನಲ್ಲಿ ಬರೆಯುವ ಅಧಿಕಾರ ತಂತ್ರಜ್ಞನಿಗಿಲ್ಲ. ಆದರೂ ಅಲ್ಲೇ ಅವರ ಮೇಜಿನ ಮೇಲೆ ಶೀಟ್ ಎಳೆದುಕೊಂಡು ಕನ್ನಡದಲ್ಲೇ ಬರೆದೆ: ಹಿಂದಿನ ಹೆರಿಗೆಯಲ್ಲಿ ರಕ್ತ ನಿಲ್ಲದೆ, ಎರಡೂ ಕಡೆಯ ಗರ್ಭಕೋಶದ ನಾಳಗಳನ್ನು ಜೆಲಾಟಿನ್ ಸ್ಪಂಜಿನಿಂದ ತಾತ್ಕಾಲಿಕವಾಗಿ ಕಟ್ಟಲಾಗಿತ್ತು, ಸ್ಪಂಜು ಕತ್ತರಿಸಿಕೊಟ್ಟವನು ನಾನು. ಕೆಳಗೆ ಸಹಿ ಹಾಕಿದೆ. ಹೆಡ್ಡರು ನೋಡುತ್ತ ಕೂತಿದ್ದರು. ಶೀಟ್ ಹರಿದು ಹಾಕಲೂ ಇಲ್ಲ, ಒಪ್ಪಲೂ ಇಲ್ಲ.

ಹೆರಿಗೆಯ ದಿನ ರಕ್ತದ ಬಾಟಲಿಗಳು ಮೊದಲೇ ತಯಾರಿದ್ದವು, ನಮ್ಮ ಕೋಣೆಯ ಬಾಗಿಲು ತೆರೆದಿತ್ತು. ಹೆಣ್ಣು ಕೂಸು ಹುಟ್ಟಿತು. ಹೆದರಿದಂತೆಯೇ ರಕ್ತ ಹರಿಯಿತು. ಹೊಸ ರೇಡಿಯಾಲಜಿ ಡಾಕ್ಟರು ಮತ್ತೆ ಸ್ಪಂಜು ಬಿಟ್ಟು ನಿಲ್ಲಿಸಿದರು. ಹತ್ತು ದಿನಕ್ಕೆ ಶಾಂತಾ ದುರ್ಗದಬೈಲಿಗೆ ಮರಳಿದಳು.

ಅದಾಗಿ ಎರಡು ವರ್ಷಕ್ಕೆ ಹೆಡ್ಡರು ನಿವೃತ್ತರಾದರು. ಬೀಳ್ಕೊಡುಗೆಗೆ ನಾವೆಲ್ಲ ಹೋಗಿದ್ದೆವು. ಶಾಲು ಹೊದೆಸಿದ ಮೇಲೆ ಅವರು ಮೈಕಿನ ಮುಂದೆ ನಿಂತು, "ಗರ್ಭಕೋಶ ಉಳಿಸುವ ಈ ಚಿಕಿತ್ಸೆಯನ್ನು ನಮ್ಮ ಭಾಗದಲ್ಲಿ ಮೊಟ್ಟಮೊದಲಿಗೆ ಧೈರ್ಯದಿಂದ ಆರಂಭಿಸಿದ ಹೆಮ್ಮೆ ನನಗಿದೆ" ಎಂದರು. ಆ ಹಳೆಯ ಸುಪರಿಂಟೆಂಡೆಂಟ್ ಸಾಹೇಬರು ಮೊದಲ ಸಾಲಿನಲ್ಲಿ ಕೂತು ತಲೆದೂಗಿದರು. ಅನಸೂಯಾ ಮೇಡಂ ಹೆಸರು ಯಾರೂ ಎತ್ತಲಿಲ್ಲ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು.

ನಾನೂ ತಟ್ಟಿದೆ. ಅಕ್ಕಪಕ್ಕದವರು ತಟ್ಟುತ್ತಿದ್ದರು, ಕೈ ತಾನೇ ಎದ್ದಿತು. ರೇಣವ್ವ ಎಂಬ ಒಂದು ಹೆಸರನ್ನು ಎದ್ದು ನಿಂತು ಕೂಗಿದ್ದರೆ ಸಾಕಿತ್ತು. ನಿವೃತ್ತಿಗೆ ಆರು ತಿಂಗಳಿದ್ದ ನನ್ನನ್ನು ಆಗ ಯಾರೂ ಏನೂ ಮಾಡುವಂತಿರಲಿಲ್ಲ. ಆದರೂ ನಾನು ಕೂತೇ ಇದ್ದೆ, ಸಭೆ ಮುಗಿಯುವವರೆಗೆ ಕೂತಿದ್ದು, ಆಮೇಲೆ ಸಾಲಿನಲ್ಲಿ ನಿಂತು ಉಪ್ಪಿಟ್ಟು ತಿಂದು ಬಂದೆ.